ಸಮ ಚಿಹ್ನೆ ಇಲ್ಲದ ಲೆಕ್ಕ

ಕ್ಷ² < 9 ಆದರೆ ಕ್ಷದ ಬೆಲೆ ಏನು? ಹತ್ತನೆಯ ತರಗತಿ ದಾಟಿದ ಮಕ್ಕಳನ್ನು ಈ ಪ್ರಶ್ನೆ ಕೇಳಿ ನೋಡಿ. ಹಲವರು ತಡಮಾಡದೆ ‘ಕ್ಷ, 3ಕ್ಕಿಂತ ಕಡಿಮೆ’ ಎಂದುಬಿಡುತ್ತಾರೆ. ಇನ್ನು ಕೆಲವರು ವರ್ಗಮೂಲಕ್ಕೆ ಎರಡು ಚಿಹ್ನೆಗಳಿರುತ್ತವೆ ಎಂಬ ಪಾಠವನ್ನು ನೆನಪಿಸಿಕೊಂಡು ‘ಕ್ಷ < ±3’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಎರಡೂ ತಪ್ಪು. ಮೊದಲನೆಯದು ಸರಿಯಾದರೆ −10 ಕೂಡ ಉತ್ತರವಾಗಬೇಕು. ಅದು 3ಕ್ಕಿಂತ ಕಡಿಮೆಯೇ ತಾನೆ? ಆದರೆ −10ರ ವರ್ಗ 100. ನೂರು ಎಂದಾದರೂ ಒಂಬತ್ತಕ್ಕಿಂತ ಕಡಿಮೆ ಆದೀತೆ? ಎರಡನೆಯ ಉತ್ತರಕ್ಕಂತೂ ಅರ್ಥವೇ ಇಲ್ಲ. ಒಂದು ಸಂಖ್ಯೆ ಏಕಕಾಲಕ್ಕೆ ‘ಕೂಡು ಮೂರು ಕಳೆ ಮೂರ’ಕ್ಕಿಂತ ಕಡಿಮೆ ಎಂದರೆ ಏನೆಂದು ತಿಳಿಯಬೇಕು?

ಸರಿಯುತ್ತರ ಇಷ್ಟೆ: ಕ್ಷವು −3 ಮತ್ತು 3ರ ನಡುವೆ ಇರಬೇಕು. ಗಣಿತದ ಭಾಷೆಯಲ್ಲಿ −3 < ಕ್ಷ < 3. ಇಂಥ ಲೆಕ್ಕಗಳಿಗೆ ವರ್ಗ ಅಸಮತೆಗಳು ಎಂದು ಹೆಸರು. ಪ್ರೌಢಶಾಲೆಯಲ್ಲಿ ವರ್ಗ ಸಮೀಕರಣ ಕಲಿಯುತ್ತಾರೆ, ಪಿಯುಸಿ ಮೊದಲ ವರ್ಷದಲ್ಲಿ ರೇಖಾತ್ಮಕ ಅಸಮತೆ ಕಲಿಯುತ್ತಾರೆ. ಎರಡೂ ಬಲ್ಲ ವಿದ್ಯಾರ್ಥಿ ಎರಡೂ ಒಂದೆಡೆ ಸೇರಿದಾಗ ಮಾತ್ರ ಮುಗ್ಗರಿಸುತ್ತಾನೆ. ಪ್ರವೇಶ ಪರೀಕ್ಷೆಗಳಲ್ಲಿ ಪ್ರಶ್ನೆ ಬರುವುದೂ ಸರಿಯಾಗಿ ಅದೇ ಜಾಗದಿಂದ.

ಬಿಂದುವೋ, ಬಯಲೋ?

ಸಮೀಕರಣ ಕೇಳುವುದು ‘ಯಾವ ಸಂಖ್ಯೆ?’ ಎಂದು. ಅಸಮತೆ ಕೇಳುವುದು ‘ಎಲ್ಲಿಂದ ಎಲ್ಲಿಯವರೆಗೆ?’ ಎಂದು. ಸಮೀಕರಣದ ಉತ್ತರ ಮನೆಯ ನಂಬರಿನ ಹಾಗೆ, ಒಂದೋ ಎರಡೋ ಬಿಂದುಗಳು. ಅಸಮತೆಯ ಉತ್ತರ ಇಡೀ ಬೀದಿ. ನಿತ್ಯಜೀವನದಲ್ಲಿ ನಮಗೆ ಹೆಚ್ಚಾಗಿ ಎದುರಾಗುವುದು ಈ ಎರಡನೆಯ ಬಗೆಯ ಪ್ರಶ್ನೆಯೇ. ಮತದಾನಕ್ಕೆ 18 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾಗಿರಬೇಕು. ಲಿಫ್ಟಿನಲ್ಲಿ ಇಷ್ಟು ಕಿಲೋಗಿಂತ ಹೆಚ್ಚು ಭಾರ ಕೂಡದು. ಸಂಬಳದೊಳಗೆ ತಿಂಗಳ ಖರ್ಚು ಮುಗಿಯಬೇಕು. ಇವೆಲ್ಲ ಅಸಮತೆಗಳೇ.

ಇದಕ್ಕೆ ಬಳಸುವ ಚಿಹ್ನೆಗಳು ಬಹಳ ಹಳೆಯವೇನಲ್ಲ. ಸಮ ಚಿಹ್ನೆಯನ್ನು ಮುದ್ರಣದಲ್ಲಿ ಮೊದಲು ಬಳಸಿದವನು ರಾಬರ್ಟ್ ರೆಕಾರ್ಡ್, 1557ರಲ್ಲಿ. ‘ಹೆಚ್ಚು’, ‘ಕಡಿಮೆ’ ಎಂಬುದಕ್ಕೆ ಇಂದು ಬಳಸುವ > ಮತ್ತು < ಚಿಹ್ನೆಗಳು ಮುದ್ರಣದಲ್ಲಿ ಕಾಣಿಸಿಕೊಂಡದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ. ಆತ ತೀರಿಕೊಂಡು ಆಗಲೇ ಹತ್ತು ವರ್ಷಗಳಾಗಿದ್ದವು. ಚಿಹ್ನೆಯ ಅಗಲವಾದ ಬಾಯಿ ದೊಡ್ಡ ಸಂಖ್ಯೆಯ ಕಡೆಗೆ, ಚೂಪಾದ ತುದಿ ಸಣ್ಣ ಸಂಖ್ಯೆಯ ಕಡೆಗೆ. ಕೆಳಗೆ ಒಂದು ಗೆರೆ ಸೇರಿದರೆ ‘ಅಥವಾ ಸಮ’ ಎಂದೂ ಅರ್ಥ.

ಕೀಲಿಕೈ ಇರುವುದು ಗುಣಾಕಾರದಲ್ಲಿ

ಒಂದು ಉದಾಹರಣೆ ನೋಡಿ: ಕ್ಷ² − 7ಕ್ಷ + 10 > 0. ಅಪವರ್ತಿಸಿದರೆ (ಕ್ಷ − 2)(ಕ್ಷ − 5) > 0 ಎಂದಾಗುತ್ತದೆ. ಇಲ್ಲಿಗೆ ಬಂದ ಕೂಡಲೇ ಕೈ ತಾನಾಗಿ ‘ಕ್ಷ > 2, ಕ್ಷ > 5’ ಎಂದು ಬರೆಯುತ್ತದೆ. ಸಮೀಕರಣ ಬಿಡಿಸಿ ಬಿಡಿಸಿ ಆದ ರೂಢಿ ಅದು. ಸಮೀಕರಣದಲ್ಲಿ ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದು ಸೊನ್ನೆಯಾಗಲೇಬೇಕು. ಆದರೆ ಗುಣಲಬ್ಧ ಧನವಾದರೆ ಎರಡೂ ಧನವೇ ಆಗಬೇಕೆಂದಿಲ್ಲ; ಎರಡೂ ಋಣವಾಗಿರಬಹುದು. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ಏಳನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ನಿಯಮ ಕೆಲಸಕ್ಕೆ ಬರುವುದು ಇಲ್ಲಿಯೇ.

ಆದ್ದರಿಂದ ಒಂದು ಸಂಖ್ಯಾರೇಖೆ ಎಳೆದು ಅದರ ಮೇಲೆ 2 ಮತ್ತು 5 ಎಂಬ ಎರಡು ಬಿಂದುಗಳನ್ನು ಗುರುತಿಸಿ. ರೇಖೆ ಮೂರು ಭಾಗವಾಗುತ್ತದೆ. 2ರ ಎಡಕ್ಕೆ ಯಾವ ಸಂಖ್ಯೆ ತೆಗೆದುಕೊಂಡರೂ ಎರಡು ಅಪವರ್ತನಗಳೂ ಋಣ, ಗುಣಲಬ್ಧ ಧನ. 2 ಮತ್ತು 5ರ ನಡುವೆ ಮೊದಲನೆಯದು ಧನ, ಎರಡನೆಯದು ಋಣ, ಗುಣಲಬ್ಧ ಋಣ. 5ರ ಬಲಕ್ಕೆ ಎರಡೂ ಧನ, ಗುಣಲಬ್ಧವೂ ಧನ. ನಮಗೆ ಬೇಕಾದದ್ದು ಧನ. ಹಾಗಾಗಿ ಉತ್ತರ: ಕ್ಷ < 2 ಅಥವಾ ಕ್ಷ > 5.

ಇಲ್ಲಿ ‘ಅಥವಾ’ ಎಂಬ ಪದವನ್ನು ಬಿಡುವಂತಿಲ್ಲ. ‘ಮತ್ತು’ ಎಂದು ಬರೆದರೆ ಉತ್ತರ ಕೆಟ್ಟಿತು. ಒಂದೇ ಸಂಖ್ಯೆ 2ಕ್ಕಿಂತ ಕಡಿಮೆಯೂ 5ಕ್ಕಿಂತ ಹೆಚ್ಚೂ ಆಗಿರುವುದು ಸಾಧ್ಯವೇ ಇಲ್ಲ. ಕೆಲವರು ಜಾಗ ಉಳಿಸಲು 5 < ಕ್ಷ < 2 ಎಂದು ಬರೆಯುವುದುಂಟು. ಅದನ್ನು ಓದಿದರೆ ಐದು ಎರಡಕ್ಕಿಂತ ಕಡಿಮೆ ಎಂದಾಗುತ್ತದೆ!

ನಾಲ್ಕು ಹೆಜ್ಜೆ

ಯಾವುದೇ ವರ್ಗ ಅಸಮತೆಯನ್ನು ಬಿಡಿಸಲು ನಾಲ್ಕು ಹೆಜ್ಜೆಗಳು ಸಾಕು.

ಒಂದು: ಎಲ್ಲವನ್ನೂ ಎಡಗಡೆಗೆ ತಂದು ಬಲಗಡೆಯಲ್ಲಿ ಸೊನ್ನೆ ಉಳಿಸಿ. ಕ್ಷ²ದ ಸಹಗುಣಕ ಋಣವಾಗಿದ್ದರೆ ಇಡೀ ಅಸಮತೆಯನ್ನು −1ರಿಂದ ಗುಣಿಸಿ, ಚಿಹ್ನೆಯ ಬಾಯಿಯನ್ನು ತಿರುಗಿಸಿ.

ಎರಡು: ಚಿಹ್ನೆಯ ಜಾಗದಲ್ಲಿ ಸಮ ಚಿಹ್ನೆ ಇದೆಯೆಂದು ಭಾವಿಸಿ ಮೂಲಗಳನ್ನು ಕಂಡುಹಿಡಿಯಿರಿ. ಅಪವರ್ತನವಾದರೂ ಸರಿ, ಸೂತ್ರವಾದರೂ ಸರಿ.

ಮೂರು: ಮೂಲಗಳನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಿ, ಪ್ರತಿಯೊಂದು ಭಾಗದಿಂದಲೂ ಒಂದು ಸುಲಭ ಸಂಖ್ಯೆಯನ್ನು ಆರಿಸಿ ಮೂಲ ಅಸಮತೆಯಲ್ಲಿ ಹಾಕಿ ನೋಡಿ.

ನಾಲ್ಕು: ಯಾವ ಭಾಗದ ಸಂಖ್ಯೆ ಹೊಂದಿತೋ ಆ ಭಾಗವೆಲ್ಲ ಉತ್ತರ. ಚಿಹ್ನೆಯ ಕೆಳಗೆ ಗೆರೆ ಇದ್ದರೆ ಮೂಲಗಳೂ ಉತ್ತರಕ್ಕೆ ಸೇರುತ್ತವೆ, ಇಲ್ಲವಾದರೆ ಸೇರುವುದಿಲ್ಲ.

ಒಂದೇ ಸಂಖ್ಯೆ ಪರೀಕ್ಷಿಸಿ ಇಡೀ ಭಾಗದ ಬಗ್ಗೆ ತೀರ್ಪು ಕೊಡುವುದು ನ್ಯಾಯವೆ ಎಂದು ಚುರುಕಾದ ಮಕ್ಕಳು ಕೇಳಬಹುದು. ನ್ಯಾಯವೇ. ಈ ಉಕ್ತಿಯ ನಕ್ಷೆ ಎಲ್ಲಿಯೂ ಕಡಿಯದೆ ಸಾಗುವ ಪರವಲಯ. ಅದು ಸೊನ್ನೆಯ ಗೆರೆಯ ಕೆಳಗಿನಿಂದ ಮೇಲಕ್ಕೆ ಬರಬೇಕಾದರೆ ಗೆರೆಯನ್ನು ದಾಟಲೇಬೇಕು. ದಾಟುವ ಸ್ಥಳಗಳೇ ಮೂಲಗಳು. ಎರಡು ಮೂಲಗಳ ನಡುವೆ ಬೇರೆ ದಾಟು ಇಲ್ಲವಾದ್ದರಿಂದ ಅಲ್ಲಿ ಚಿಹ್ನೆ ಬದಲಾಗುವ ಮಾತೇ ಇಲ್ಲ.

ಈಗ 2ಕ್ಷ² + 3 ≤ 7ಕ್ಷ ಎಂಬುದನ್ನು ಬಿಡಿಸಿ. ಎಡಕ್ಕೆ ತಂದರೆ 2ಕ್ಷ² − 7ಕ್ಷ + 3 ≤ 0. ಅಪವರ್ತನ (2ಕ್ಷ − 1)(ಕ್ಷ − 3). ಮೂಲಗಳು ½ ಮತ್ತು 3. ಸೊನ್ನೆಯನ್ನು ಹಾಕಿದರೆ 3 ≤ 0, ಸುಳ್ಳು. ಒಂದನ್ನು ಹಾಕಿದರೆ 5 ≤ 7, ನಿಜ. ನಾಲ್ಕನ್ನು ಹಾಕಿದರೆ 35 ≤ 28, ಸುಳ್ಳು. ಉತ್ತರ ನಡುವಿನ ಭಾಗ: ½ ≤ ಕ್ಷ ≤ 3.

ಎಡವುವ ಒಂದು ಕಲ್ಲು

ಕ್ಷ² > 5ಕ್ಷ. ಎರಡೂ ಕಡೆ ಕ್ಷ ಕಾಣುತ್ತಿದೆ. ಎರಡೂ ಕಡೆಯನ್ನು ಕ್ಷದಿಂದ ಭಾಗಿಸಿದರೆ ಕ್ಷ > 5 ಎಂದು ಒಂದೇ ಸಾಲಿನಲ್ಲಿ ಮುಗಿಯಿತು. ಆದರೆ −1ನ್ನು ಹಾಕಿ ನೋಡಿ. ಎಡಗಡೆ 1, ಬಲಗಡೆ −5. ಒಂದು −5ಕ್ಕಿಂತ ಹೆಚ್ಚು ತಾನೆ? ಹಾಗಾದರೆ −1 ಕೂಡ ಉತ್ತರವೇ. ಭಾಗಿಸುವ ಭರದಲ್ಲಿ ಋಣಸಂಖ್ಯೆಗಳ ಇಡೀ ಸಾಲು ಕೈತಪ್ಪಿತು.

ಕಾರಣ ಇದು. ಅಸಮತೆಯನ್ನು ಋಣಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗಬೇಕು. ಕ್ಷ ಧನವೋ ಋಣವೋ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ ಸಂಖ್ಯೆಯಿಂದ ಭಾಗಿಸುವುದೆಂದರೆ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ. ಎಡಕ್ಕೆ ತಂದು ಕ್ಷ(ಕ್ಷ − 5) > 0 ಎಂದು ಬರೆದುಕೊಂಡರೆ ಯಾವ ಅಪಾಯವೂ ಇಲ್ಲ. ಉತ್ತರ: ಕ್ಷ < 0 ಅಥವಾ ಕ್ಷ > 5.

ಮೂಲಗಳೇ ಇಲ್ಲದಿದ್ದರೆ?

ಕ್ಷ² + 2ಕ್ಷ + 5 > 0. ಇಲ್ಲಿ ಶೋಧಕ 4 − 20, ಅಂದರೆ −16. ವಾಸ್ತವ ಮೂಲಗಳಿಲ್ಲ. ‘ಮೂಲವಿಲ್ಲ, ಆದ್ದರಿಂದ ಪರಿಹಾರವಿಲ್ಲ’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ವರ್ಗ ಪೂರ್ಣಗೊಳಿಸಿ ನೋಡಿ: ಇದು (ಕ್ಷ + 1)² + 4. ವರ್ಗ ಎಂದೂ ಋಣವಾಗದು. ಅದಕ್ಕೆ 4 ಸೇರಿಸಿದರೆ ಮೊತ್ತ 4ಕ್ಕಿಂತ ಕಡಿಮೆ ಆಗದು. ಆದ್ದರಿಂದ ಎಲ್ಲ ವಾಸ್ತವ ಸಂಖ್ಯೆಗಳೂ ಉತ್ತರ! ಚಿಹ್ನೆ < 0 ಎಂದಿದ್ದರೆ ಮಾತ್ರ ಪರಿಹಾರವಿಲ್ಲ. ಸೊನ್ನೆಯ ಗೆರೆಯನ್ನು ಮುಟ್ಟದೆ ಪರವಲಯ ಮೇಲೆಯೇ ತೇಲುತ್ತಿದೆ ಎಂಬುದು ಇದರ ಅರ್ಥ.

ವರ್ಗ ಪೂರ್ಣಗೊಳಿಸುವ ಈ ಉಪಾಯ ನಮ್ಮ ದೇಶದಲ್ಲಿ ಶ್ರೀಧರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧ. ಅವರ ಬೀಜಗಣಿತ ಗ್ರಂಥ ಇಂದು ಉಳಿದಿಲ್ಲ. ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಅದನ್ನು ಉದ್ಧರಿಸಿದ್ದರಿಂದ ಸೂತ್ರ ಉಳಿದು ಬಂದಿತು.

ಗುಹೆಗೆ ಹೋದ ಕಪಿಗಳು

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಅವರ ‘ಬೀಜಗಣಿತ’ದಲ್ಲಿ ಕಪಿಗಳ ಲೆಕ್ಕವೊಂದಿದೆ. ಒಂದು ಗುಂಪಿನ ಕಪಿಗಳಲ್ಲಿ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು, ಬಂದದ್ದನ್ನು ವರ್ಗ ಮಾಡಿದರೆ ಎಷ್ಟಾಗುವುದೋ ಅಷ್ಟು ಕಪಿಗಳು ಗುಹೆಗೆ ಹೋದವು. ಒಂದು ಮಾತ್ರ ಕೊಂಬೆ ಏರಿ ಕುಳಿತಿತ್ತು. ಒಟ್ಟು ಎಷ್ಟು?

ಲೆಕ್ಕ ಬಿಡಿಸಿದರೆ ಎರಡು ಉತ್ತರ ಬರುತ್ತದೆ: 50 ಮತ್ತು 5. ಐವತ್ತರ ಐದನೆಯ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯ ಮೇಲಿನದು ಸೇರಿ 50. ಸರಿಹೋಯಿತು. ಐದನ್ನು ಹಾಕಿದರೆ ಭಾಗ 1, ಮೂರು ಕಳೆದರೆ −2, ವರ್ಗ 4, ಒಂದು ಸೇರಿ 5. ಇದೂ ತಾಳೆಯಾಗುತ್ತದೆ. ಆದರೂ ಭಾಸ್ಕರಾಚಾರ್ಯರು ಎರಡನೆಯದನ್ನು ತಳ್ಳಿಹಾಕಿದರು. ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದು ಹೇಗೆ? ಲೋಕ ಅದನ್ನು ಒಪ್ಪದು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸಮೀಕರಣದ ಪಕ್ಕದಲ್ಲಿ ಒಂದು ಅಸಮತೆ ಮೌನವಾಗಿ ನಿಂತಿದೆ: ಐದನೆಯ ಒಂದು ಭಾಗ ಮೂರಕ್ಕೆ ಕಡಿಮೆ ಆಗಕೂಡದು, ಅಂದರೆ ಕ್ಷ ≥ 15. ಐದು ಆ ಬಾಗಿಲಲ್ಲಿ ನಿಂತುಹೋಯಿತು, ಐವತ್ತು ಒಳಗೆ ಬಂತು. ‘ಉದ್ದ ಋಣವಾಗಲಾರದು, ಆದ್ದರಿಂದ ಈ ಮೂಲವನ್ನು ಬಿಡಬೇಕು’ ಎಂದು ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆಯುವಾಗ ಮಾಡುವುದೂ ಇದನ್ನೇ.

ಬೇಲಿಯ ಲೆಕ್ಕ

ಮನೆಯ ಹಿತ್ತಲಲ್ಲಿ ತರಕಾರಿ ಮಡಿ ಮಾಡಬೇಕು. ಬೇಲಿಗೆ 40 ಮೀಟರ್ ತಂತಿ ಇದೆ. ಮಡಿ ಆಯತಾಕಾರ. ವಿಸ್ತೀರ್ಣ ಕನಿಷ್ಠ 96 ಚದರ ಮೀಟರ್ ಬೇಕೆಂದರೆ ಒಂದು ಬದಿ ಎಷ್ಟಿರಬಹುದು?

ಒಂದು ಬದಿ ಕ್ಷ ಆದರೆ ಇನ್ನೊಂದು 20 − ಕ್ಷ. ವಿಸ್ತೀರ್ಣ ಕ್ಷ(20 − ಕ್ಷ) ≥ 96. ಎಡಕ್ಕೆ ತಂದು ಚಿಹ್ನೆ ತಿರುಗಿಸಿದರೆ ಕ್ಷ² − 20ಕ್ಷ + 96 ≤ 0, ಅಂದರೆ (ಕ್ಷ − 8)(ಕ್ಷ − 12) ≤ 0. ಉತ್ತರ: ಬದಿ 8 ಮೀಟರಿನಿಂದ 12 ಮೀಟರಿನೊಳಗೆ ಎಷ್ಟಾದರೂ ಇರಬಹುದು. ತೋಟ ಮಾಡುವವರಿಗೆ ಬೇಕಾದದ್ದು ಇಂಥ ಉತ್ತರವೇ. ನಡುವೆ ಒಂದು ತೆಂಗಿನ ಮರ ಅಡ್ಡ ಬಂದರೆ ಅತ್ತಿತ್ತ ಸರಿಯಲು ಎಷ್ಟು ಅವಕಾಶವಿದೆ ಎಂದು ಅದು ತಿಳಿಸುತ್ತದೆ.

ಅಷ್ಟೇ ತಂತಿಯಲ್ಲಿ 110 ಚದರ ಮೀಟರ್ ಸಿಕ್ಕೀತೆ? ವಿಸ್ತೀರ್ಣವನ್ನು 100 − (ಕ್ಷ − 10)² ಎಂದು ಬರೆಯಬಹುದು. ನೂರರಿಂದ ಒಂದು ವರ್ಗವನ್ನು ಕಳೆಯುತ್ತಿದ್ದೇವೆ. ಹಾಗಾಗಿ ಅದು ನೂರನ್ನು ಮೀರದು. ನೂರು ಸಿಗುವುದೂ ಕ್ಷ 10 ಆದಾಗ ಮಾತ್ರ, ಅಂದರೆ ಮಡಿ ಚೌಕವಾದಾಗ. ಆಗದ ಕೆಲಸ ಎಂದು ಗುಂಡಿ ತೋಡುವ ಮೊದಲೇ ಗೊತ್ತಾಯಿತು.

ಇಪ್ಪತ್ತು ಮೀಟರ್ ದೂರದಲ್ಲಿ ಒಂದು ಮಗು

ಈಗ ಪರೀಕ್ಷೆಯ ಅಂಕಕ್ಕಿಂತ ದೊಡ್ಡದಾದ ಒಂದು ಲೆಕ್ಕ. ಇದನ್ನು ತಂದೆ ತಾಯಿಗಳೂ ಮಕ್ಕಳೂ ಒಟ್ಟಿಗೆ ಕುಳಿತು ಮಾಡುವುದು ಒಳ್ಳೆಯದು.

ರಸ್ತೆಯಲ್ಲಿ 20 ಮೀಟರ್ ಮುಂದೆ ಮಗುವೊಂದು ಚೆಂಡಿನ ಹಿಂದೆ ಓಡಿ ಬಂತು. ಬೈಕ್ ಸವಾರ ಅದನ್ನು ಕಂಡು ಬ್ರೇಕ್ ಒತ್ತುವುದರೊಳಗೆ ಒಂದು ಸೆಕೆಂಡ್ ಕಳೆಯಿತೆಂದು ಇಟ್ಟುಕೊಳ್ಳಿ. ಬ್ರೇಕ್ ಹಿಡಿದ ಮೇಲೆ ವೇಗ ಪ್ರತಿ ಸೆಕೆಂಡಿಗೆ 5 ಮೀಟರ್‌ನಂತೆ ಇಳಿಯುತ್ತದೆ ಎನ್ನಿ. ಸೆಕೆಂಡಿಗೆ ಕ್ಷ ಮೀಟರ್ ವೇಗವಿದ್ದರೆ ಮೊದಲ ಒಂದು ಸೆಕೆಂಡಿನಲ್ಲಿ ಬೈಕ್ ಕ್ಷ ಮೀಟರ್ ಸಾಗುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲುವವರೆಗೆ ಸಾಗುವ ದೂರ, ಚಲನೆಯ ಮೂರನೆಯ ಸಮೀಕರಣದ ಪ್ರಕಾರ, ಕ್ಷ²/10 ಮೀಟರ್. ಎರಡೂ ಸೇರಿ 20 ಮೀಟರ್ ಮೀರಬಾರದು:

ಕ್ಷ + ಕ್ಷ²/10 ≤ 20

ಹತ್ತರಿಂದ ಗುಣಿಸಿ ಎಡಕ್ಕೆ ತಂದರೆ ಕ್ಷ² + 10ಕ್ಷ − 200 ≤ 0, ಅಂದರೆ (ಕ್ಷ + 20)(ಕ್ಷ − 10) ≤ 0. ಪರಿಹಾರ −20 ≤ ಕ್ಷ ≤ 10. ಮುಂದಕ್ಕೆ ಹೋಗುವ ಬೈಕಿನ ವೇಗ ಋಣವಾಗದು. ಆದ್ದರಿಂದ ವೇಗ ಸೆಕೆಂಡಿಗೆ 10 ಮೀಟರ್ ಮೀರಬಾರದು. ಗಂಟೆಗೆ 36 ಕಿಲೋಮೀಟರ್.

ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿದ್ದರೆ? ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ 15 ಮೀಟರ್ ಮುಗಿಯಿತು. ಉಳಿದದ್ದು 5 ಮೀಟರ್. ಅಷ್ಟರಲ್ಲಿ ವೇಗ ಇಳಿಯುವುದು ಗಂಟೆಗೆ ಸುಮಾರು 48 ಕಿಲೋಮೀಟರಿಗೆ ಮಾತ್ರ. ಗಂಟೆಗೆ 72 ಕಿಲೋಮೀಟರ್ ವೇಗವಿದ್ದರಂತೂ ಆ ಒಂದು ಸೆಕೆಂಡಿನಲ್ಲೇ ಇಪ್ಪತ್ತು ಮೀಟರೂ ಮುಗಿದಿರುತ್ತದೆ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಅದನ್ನು ಮುಟ್ಟುವ ಮೊದಲೇ ಎಲ್ಲ ಆಗಿಹೋಗಿರುತ್ತದೆ.

ಮಳೆ ಬಂದು ರಸ್ತೆ ಒದ್ದೆಯಾಗಿ ಬ್ರೇಕಿನ ಹಿಡಿತ ಅರ್ಧಕ್ಕಿಳಿದರೆ ಅಸಮತೆ ಕ್ಷ² + 5ಕ್ಷ − 100 ≤ 0 ಎಂದಾಗುತ್ತದೆ. ಇದು ಸುಲಭವಾಗಿ ಅಪವರ್ತನವಾಗದು. ಸೂತ್ರ ಬಳಸಿದರೆ ಕ್ಷದ ಗರಿಷ್ಠ ಬೆಲೆ ಸುಮಾರು 7.8. ಗಂಟೆಗೆ 28 ಕಿಲೋಮೀಟರ್. ಒಣ ರಸ್ತೆಯಲ್ಲೇ 20ರ ಬದಲು 40 ಮೀಟರ್ ದೂರ ಕಾಣುತ್ತಿದ್ದರೆ? ವೇಗವನ್ನು ಇಮ್ಮಡಿ ಮಾಡಬಹುದೆಂದು ತೋರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಗರಿಷ್ಠ ವೇಗ ಗಂಟೆಗೆ ಸುಮಾರು 56 ಕಿಲೋಮೀಟರ್ ಮಾತ್ರ. ವೇಗದ ವರ್ಗ ಒಳಗೆ ಕುಳಿತಿರುವುದೇ ಇದಕ್ಕೆ ಕಾರಣ.

ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಡುವ ಮೊದಲು ಈ ಲೆಕ್ಕವನ್ನು ಅವನ ಕೈಯಲ್ಲೇ ಮಾಡಿಸಿ ನೋಡುವುದು ಲೇಸು. ಕಾನೂನೂ ಸುಮ್ಮನಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡವಿದೆ. ಆದರೆ ದಂಡದ ರಸೀದಿಗಿಂತ ಇಪ್ಪತ್ತು ಮೀಟರಿನ ಲೆಕ್ಕ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.

ತಂದೆ ತಾಯಿಗಳಿಗೆ

‘ನಮಗೆ ಬೀಜಗಣಿತ ಮರೆತೇಹೋಗಿದೆ, ಮಗಳ ಲೆಕ್ಕ ಸರಿಯೋ ತಪ್ಪೋ ಹೇಗೆ ತಿಳಿಯಬೇಕು?’ ಎಂದು ಕೇಳುವ ಪೋಷಕರಿದ್ದಾರೆ. ಅಸಮತೆಯ ಲೆಕ್ಕ ತಿದ್ದಲು ಬೀಜಗಣಿತ ಬೇಕಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು. ಮಗಳು ಬರೆದ ಉತ್ತರದ ಒಳಗಿನಿಂದ ಒಂದು ಸಂಖ್ಯೆ, ಹೊರಗಿನಿಂದ ಒಂದು ಸಂಖ್ಯೆ ಆರಿಸಿ ‘ಇದನ್ನು ಹಾಕಿ ತೋರಿಸು’ ಎನ್ನಿ. ಒಳಗಿನದು ಹೊಂದಬೇಕು, ಹೊರಗಿನದು ಹೊಂದಬಾರದು. ಹೊರಗಿನಿಂದ ಆರಿಸುವಾಗ ಒಂದು ಋಣಸಂಖ್ಯೆಯನ್ನೂ ಮರೆಯಬೇಡಿ. ತಪ್ಪು ಅಡಗಿ ಕೂರುವುದು ಬಹುತೇಕ ಅಲ್ಲಿಯೇ. ಕೊನೆಯದಾಗಿ, ಮೂಲಗಳನ್ನೇ ಹಾಕಿ ಗೆರೆ ಸರಿಯಿದೆಯೇ ನೋಡಿ. ಎರಡು ನಿಮಿಷದ ಕೆಲಸ.

ಹೀಗೆ ಎರಡು ವಾರ ಮಾಡಿದರೆ ಮಕ್ಕಳು ಯಾರೂ ಹೇಳದೆಯೇ ತಮ್ಮ ಉತ್ತರವನ್ನು ತಾವೇ ಪರೀಕ್ಷಿಸಲು ತೊಡಗುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದಲ್ಲಿ ಅಪ್ಪ ಅಮ್ಮ ಇರುವುದಿಲ್ಲ. ಆ ಅಭ್ಯಾಸ ಜೊತೆಗಿರುತ್ತದೆ.

ಅಭ್ಯಾಸಕ್ಕೆ

1. ಕ್ಷ² − ಕ್ಷ − 12 < 0
2. ಕ್ಷ² ≥ 16
3. ಕ್ಷ² + 4 ≤ 4ಕ್ಷ
4. ಒಂದು ಸ್ವಾಭಾವಿಕ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿದರೆ ಬರುವ ಗುಣಲಬ್ಧ 50ನ್ನು ಮೀರುವುದಿಲ್ಲ. ಆ ಸಂಖ್ಯೆ ಹೆಚ್ಚೆಂದರೆ ಎಷ್ಟು?
5. ಮೇಲಿನ ಬೈಕಿನ ಲೆಕ್ಕದಲ್ಲಿ, ಒಣ ರಸ್ತೆಯಲ್ಲಿ 60 ಮೀಟರ್ ದೂರ ಕಾಣುತ್ತಿದ್ದರೆ ಗರಿಷ್ಠ ವೇಗ ಎಷ್ಟು?

ಉತ್ತರಗಳು: 1) −3 < ಕ್ಷ < 4. 2) ಕ್ಷ ≤ −4 ಅಥವಾ ಕ್ಷ ≥ 4. 3) ಕ್ಷ = 2 ಮಾತ್ರ; ವರ್ಗವೊಂದು ಸೊನ್ನೆಗಿಂತ ಕೆಳಗಿಳಿಯದು, ಸೊನ್ನೆಯಾಗಬಹುದು ಅಷ್ಟೆ. 4) 6. 5) ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ದೂರ ಮೂರು ಪಟ್ಟಾದರೂ ವೇಗ ಎರಡು ಪಟ್ಟು ಮಾತ್ರ ಆಯಿತು ಎಂಬುದನ್ನು ಗಮನಿಸಿ.